ದಿಬ್ಬದಾಚೆಯ ಓಣಿ

ಆಟಗಳೆಲ್ಲ ಗುರಿಯನ್ನು ಕಣ್ಣೆದುರಿಗಿಟ್ಟೇ ಆಡಿಸುತ್ತವೆ. ಕಬಡ್ಡಿಯಲ್ಲಿ ಗೆರೆ ಕಾಣುತ್ತದೆ, ವಾಲಿಬಾಲಿನಲ್ಲಿ ಬಲೆ ಕಾಣುತ್ತದೆ, ಕ್ರಿಕೆಟಿನಲ್ಲಿ ಮೂರು ಕೋಲು ನೆಟ್ಟಗೆ ನಿಂತಿರುತ್ತವೆ. ಗೋಲಿ ಆಡುವ ಹುಡುಗನಿಗೂ ಗುಂಡಿ ಎಲ್ಲಿದೆಯೆಂದು ಗೊತ್ತಿರುತ್ತದೆ. ಗಾಲ್ಫ್ ಮಾತ್ರ ಆಗೊಮ್ಮೆ ಈಗೊಮ್ಮೆ ಆಟಗಾರನನ್ನು ಒಂದು ದಿಬ್ಬದೆದುರು ನಿಲ್ಲಿಸಿ, ಕಾಲ ಬಳಿ ಚೆಂಡಿಟ್ಟು, ಹೊಡಿ ಅನ್ನುತ್ತದೆ. ಎಲ್ಲಿಗೆ ಹೊಡೆಯಬೇಕು ಎಂದು ಕೇಳಿದರೆ ಉತ್ತರ ದಿಬ್ಬದಾಚೆ ಇದೆ. ಅಲ್ಲಿಗೆ ಹೋಗಿ ನೋಡಿಕೊಂಡು ಬರಬಹುದು, ಆದರೆ ಮರಳಿ ಬಂದು ನಿಂತರೆ ಮತ್ತೆ ಕಾಣುವುದು ದಿಬ್ಬವೇ. ಈ ಅರೆಗುರುಡು ಹೊಡೆತದ ಬಗ್ಗೆ ನನಗೆ ಬಹುಕಾಲದಿಂದ ಪ್ರೀತಿ. ಇವತ್ತು ಅದರ ಸುತ್ತ ನಾಲ್ಕು ಸುತ್ತು ಹಾಕಿ ಬರೋಣ. ಅವಸರವೇನೂ ಇಲ್ಲ.

ಆಟದ ಪರಿಚಯವಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಆಟ ಶುರುವಾಗುವ ಸಣ್ಣ ಸಮತಟ್ಟು ಜಾಗಕ್ಕೆ ಟೀ ಎನ್ನುತ್ತಾರೆ. ಚೆಂಡು ಕೊನೆಗೆ ಸೇರಬೇಕಾದ ಕುಳಿ ಇರುವುದು ಗ್ರೀನಿನಲ್ಲಿ. ಅಲ್ಲಿ ಹುಲ್ಲು ಕಂಬಳಿಯಷ್ಟು ನುಣುಪು, ನಡುವೆ ಒಂದು ಬಾವುಟ. ಇವೆರಡರ ನಡುವೆ ಮುನ್ನೂರು ನಾನೂರು ಗಜ ಉದ್ದಕ್ಕೆ ಹುಲ್ಲನ್ನು ಮೋಟಾಗಿ ಕತ್ತರಿಸಿ ಮಾಡಿದ ಅಗಲವಾದ ಓಣಿಯೇ ಫೇರ್‌ವೇ. ಓಣಿಯ ಎರಡೂ ಬದಿಗೆ ಎತ್ತರದ ಹುಲ್ಲು, ಪೊದೆ, ಮರಳಗುಂಡಿ, ಕೆಲವು ಕಡೆ ನೀರು. ಮೊದಲ ಹೊಡೆತ ಓಣಿಯೊಳಗೆ ಬಿದ್ದವನಿಗೆ ಮುಂದಿನ ದಾರಿ ಸಲೀಸು. ಹಾಗಾಗಿ ಟೀ ಮೇಲೆ ನಿಂತವನು ಮೊದಲು ಹುಡುಕುವುದೇ ಆ ಓಣಿಯನ್ನು. ಅದು ಕಾಣದಿದ್ದರೆ ಕೈಯಲ್ಲಿರುವ ಕೋಲು ಇದ್ದಕ್ಕಿದ್ದಂತೆ ಭಾರವಾಗುತ್ತದೆ.

ನಾನು ಮುಧೋಳದವನು. ರನ್ನನಿಗೂ ಬೇಟೆನಾಯಿಗೂ ಹೆಸರಾದ ಬಾಗಲಕೋಟೆ ಸೀಮೆಯ ಮುಧೋಳ ಬೇರೆ. ನಮ್ಮದು ಸೇಡಂ ತಾಲೂಕಿನ ಮುಧೋಳ, ತೆಲಂಗಾಣದ ಗಡಿಗೆ ಹತ್ತಿರದ್ದು, ತೊಗರಿಯ ನಾಡಿನದು. ಊರಲ್ಲಿ ಗಾಲ್ಫ್ ಮೈದಾನವಿಲ್ಲ. ಆದರೂ 2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ ಈ ಆಟ ನಮ್ಮ ಪಡಸಾಲೆಗೆ ಬಂದು ಕೂತುಬಿಟ್ಟಿತ್ತು. ಟೋಕಿಯೊ ಒಲಿಂಪಿಕ್ಸಿನ ಕೊನೆಯ ಸುತ್ತು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಬಾಗಿಲಲ್ಲಿ ನಿಂತಿದ್ದಳು. ಪಾರ್ ಎಂದರೇನು, ಬರ್ಡಿ ಎಂದರೇನು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತ, ಚಹಾ ಆರಿಸಿಕೊಳ್ಳುತ್ತ ಕೂತಿದ್ದೆವು. ಒಂದೇ ಒಂದು ಹೊಡೆತದ ಅಂತರದಲ್ಲಿ ಅವಳು ನಾಲ್ಕನೆಯವಳಾದಳು. ಮನೆಮಂದಿಯೆಲ್ಲ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನ ಜೊತೆಗೇ ಆಟವೂ ನಮ್ಮಲ್ಲಿ ಬೇರು ಬಿಟ್ಟಿತು.

ಆವತ್ತು ಟಿವಿಯಲ್ಲಿ ನೋಡುವಾಗ ನನಗೊಂದು ಹೊಳೆಯಿತು. ಟಿವಿಯ ಮುಂದೆ ಕೂತವನಿಗೆ ದಿಬ್ಬ ಎಂಬುದೇ ಇಲ್ಲ. ಕ್ಯಾಮೆರಾ ಹಕ್ಕಿಯ ಎತ್ತರಕ್ಕೆ ಏರುತ್ತದೆ, ಚೆಂಡಿನ ಬೆನ್ನು ಹತ್ತುತ್ತದೆ, ಅದು ಇಳಿಯುವ ಜಾಗಕ್ಕೆ ಮೊದಲೇ ಹೋಗಿ ಕಾಯುತ್ತದೆ. ಆಟಗಾರ್ತಿ ಇನ್ನೂ ಟೀ ಮೇಲೆ ಹಣೆಗೆ ಕೈ ಹಚ್ಚಿ ನೋಡುತ್ತಿರುವಾಗಲೇ, ಸಾವಿರಾರು ಮೈಲಿ ದೂರದ ನಮಗೆ ಚೆಂಡು ಎಲ್ಲಿ ಬಿತ್ತೆಂದು ಗೊತ್ತಾಗಿರುತ್ತದೆ. ಎಲ್ಲವನ್ನೂ ಕಂಡ ನಮಗೆ ಆಟದ ಅರ್ಧ ಭಾಗ ಕಂಡೇ ಇರುವುದಿಲ್ಲ. ಹೊಡೆದದ್ದಕ್ಕೂ ತಿಳಿದದ್ದಕ್ಕೂ ನಡುವೆ ಒಂದು ಹೊತ್ತು ಇರುತ್ತದಲ್ಲ, ಅದು ಮೈದಾನದಲ್ಲಿ ನಿಂತವರ ಪಾಲಿನದು. ನನ್ನ ಪ್ರೀತಿ ಇರುವುದು ಆ ನಡುಹೊತ್ತಿನ ಮೇಲೆ.

ಈ ನಡುಹೊತ್ತನ್ನು ಹಿಗ್ಗಿಸಿಕೊಟ್ಟದ್ದು ಸ್ಕಾಟ್‌ಲೆಂಡಿನ ಕಡಲತೀರ. ಅಲ್ಲಿ ಆಟ ಬೆಳೆಯುವ ಕಾಲಕ್ಕೆ ಮೈದಾನ ಕಟ್ಟಲು ಯಂತ್ರಗಳಿರಲಿಲ್ಲ. ಗಾಳಿ ಎಲ್ಲಿ ಮರಳು ಗುಡ್ಡೆ ಹಾಕಿತೋ ಅಲ್ಲೇ ಗುಡ್ಡೆ, ಎಲ್ಲಿ ತಗ್ಗು ತೋಡಿತೋ ಅಲ್ಲೇ ತಗ್ಗು. ಕುರಿ ಮೇಯ್ದು ಮೋಟಾದ ಹುಲ್ಲಿನ ಮೇಲೆ ಜನ ಆಡುತ್ತಿದ್ದರು. ಗುಡ್ಡೆ ಅಡ್ಡ ಬಂದರೆ ಅದರ ಮೇಲಿಂದಲೇ ಹೊಡೆಯುವುದು. 1860ರಲ್ಲಿ ಮೊಟ್ಟಮೊದಲ ಓಪನ್ ಪಂದ್ಯಾವಳಿ ನಡೆದ ಪ್ರೆಸ್ಟ್‌ವಿಕ್‌ನಲ್ಲಿ ಆಗ ಹನ್ನೆರಡೇ ಕುಳಿ, ಸ್ಪರ್ಧೆಗಿಳಿದವರು ಎಂಟೇ ಜನ. ಆ ಮೈದಾನದ ಎರಡು ಕುಳಿಗಳ ಹೆಸರು ಆಲ್ಪ್ಸ್ ಮತ್ತು ಹಿಮಾಲಯ. ಎರಡರಲ್ಲೂ ಗ್ರೀನು ಮರಳುಗುಡ್ಡದ ಮರೆಯಲ್ಲಿ ಅಡಗಿ ಕೂತಿದೆ. ಗುಡ್ಡದ ನಿಜವಾದ ಎತ್ತರ ಎಷ್ಟೇ ಇರಲಿ, ಕೆಳಗೆ ಚೆಂಡಿಟ್ಟುಕೊಂಡು ನಿಂತವನ ಎದೆಗೆ ಅದು ಹಿಮಾಲಯವೇ ಎಂಬುದನ್ನು ಹೆಸರಿಟ್ಟವರು ಬಲ್ಲವರಾಗಿದ್ದರು.

ಐರ್ಲೆಂಡಿನ ಲಹಿಂಚ್ ಇನ್ನೂ ಸೊಗಸು. ಅಲ್ಲಿ ಒಂದು ಕುಳಿಯ ಓಣಿಗೆ ದೊಡ್ಡದೊಂದು ಮರಳುಗುಡ್ಡ ಅಡ್ಡಲಾಗಿ ಮಲಗಿದೆ. ಅದಕ್ಕೆ ಕ್ಲಾಂಡೈಕ್ ಎಂದು ಹೆಸರು. ಆಚೆ ಕಡೆ ಜನ ಇದ್ದಾರೋ ಇಲ್ಲವೋ ಎಂದು ಈಚೆಯವರಿಗೆ ತಿಳಿಸಲು ಗುಡ್ಡದ ಮೇಲೆ ಬಾವುಟ ಹಿಡಿದ ಒಬ್ಬ ಕಾವಲುಗಾರ. ಅದರ ಮಗ್ಗುಲಲ್ಲೇ ಡೆಲ್ ಎಂಬ ಇನ್ನೊಂದು ಕುಳಿ, ನೂರೈವತ್ತು ಗಜ ಚಿಲ್ಲರೆ ದೂರದ್ದು. ಎರಡು ಗುಡ್ಡಗಳ ಸಂದಿನಲ್ಲಿ ಗ್ರೀನು ಬಚ್ಚಿಟ್ಟುಕೊಂಡಿದೆ. ಬಾವುಟದ ತುದಿ ಕೂಡ ಟೀಯಿಂದ ಕಾಣುವುದಿಲ್ಲ. ಮುಂದಿನ ಗುಡ್ಡದ ಮೈಮೇಲೆ ಸುಣ್ಣ ಬಳಿದ ಒಂದು ಬಿಳಿ ಕಲ್ಲು. ಕುಳಿಯ ಜಾಗ ಬದಲಾದಂತೆ ಕಲ್ಲನ್ನೂ ಸರಿಸಿಡುತ್ತಾರೆ. ಆಟಗಾರ ಆ ಕಲ್ಲನ್ನು ನೋಡಿ ಹೊಡೆಯುತ್ತಾನೆ. ಬೆಳಿಗ್ಗೆ ಯಾರೋ ಒಬ್ಬರು ಬಂದು, ಕುಳಿ ಇಲ್ಲಿದೆ ಎಂದು ತಮ್ಮ ಕೈಯಾರೆ ಕಲ್ಲು ಇಟ್ಟು ಹೋಗಿದ್ದಾರೆ, ಅವರ ಮಾತು ನಂಬಬೇಕು. ಈ ನಂಬಿಕೆಯ ಏರ್ಪಾಡು ನನಗೆ ಬಹಳ ಹಿಡಿಸಿದೆ.

ಮತ್ತೆ ಸ್ಕಾಟ್‌ಲೆಂಡಿಗೆ ಬಂದರೆ, ಸೇಂಟ್ ಆಂಡ್ರೂಸಿನ ಹಳೆಯ ಮೈದಾನದಲ್ಲಿ ಹದಿನೇಳನೆಯ ಕುಳಿಗೆ ಹೊರಟವರ ಎದುರಿಗೆ ದಿಬ್ಬವೂ ಇಲ್ಲ, ಶೆಡ್ಡು ಇದೆ. ಒಂದು ಕಾಲಕ್ಕೆ ಅಲ್ಲಿ ರೈಲ್ವೆಯ ಕಲ್ಲಿದ್ದಲು ಶೆಡ್ಡುಗಳಿದ್ದವು. ಈಗ ಅದೇ ಆಕಾರದ ಕಟ್ಟಡದ ಮೇಲೆ ಪಕ್ಕದ ಹೋಟೆಲಿನ ಹೆಸರು ದಪ್ಪ ಅಕ್ಷರಗಳಲ್ಲಿ ಬರೆದಿದೆ. ಓಣಿ ಅದರ ಆಚೆ. ಆಟಗಾರರು ಆ ಹೆಸರಿನಲ್ಲಿ ಒಂದು ಅಕ್ಷರವನ್ನು ಆರಿಸಿಕೊಂಡು ಅದರ ಮೇಲಿಂದ ಚೆಂಡು ಹಾಯಿಸುತ್ತಾರೆ. ಗಾಳಿ ಹೇಗಿದೆ, ತೋಳಲ್ಲಿ ಎಷ್ಟು ಕಸುವಿದೆ ಎಂಬುದರ ಮೇಲೆ ಇವತ್ತಿನ ಅಕ್ಷರ ಯಾವುದೆಂದು ತೀರ್ಮಾನ. ಜಗತ್ತಿನ ಅತಿ ಹಿರಿಯ ಆಟಗಾರರೆಲ್ಲ ಹೀಗೆ ಗೋಡೆಬರಹದ ಮುಂದೆ ನಿಂತು ಒಂದೊಂದು ಅಕ್ಷರ ಹುಡುಕಿದ್ದಾರೆ ಎಂದು ನೆನೆದಾಗ, ನಮ್ಮ ಊರ ಶಾಲೆಯ ಒಂದನೇ ಇಯತ್ತೆ ಕಣ್ಮುಂದೆ ಬರುತ್ತದೆ.

ಊರಿನ ಮಾತು ಬಂತಲ್ಲ, ಇಲ್ಲೇ ಸ್ವಲ್ಪ ನಿಲ್ಲೋಣ. ನಮ್ಮದು ಬಯಲುಸೀಮೆ. ಬಯಲೆಂದರೆ ಎಲ್ಲ ಕಾಣುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ತೊಗರಿ ಎದೆಮಟ್ಟ ಬೆಳೆದಾಗ ಬಂದು ನೋಡಬೇಕು. ಮುಂಗಾರಿಗೆ ಬಿತ್ತಿದ ತೊಗರಿ ದೀಪಾವಳಿಯ ಹೊತ್ತಿಗೆ ಆಳೆತ್ತರಕ್ಕೆ ಬಂದು ಹಳದಿ ಹೂ ಹೊತ್ತು ನಿಲ್ಲುತ್ತದೆ. ಹೆಸರು ಬೇಗ ಕಿತ್ತು ಖಾಲಿಯಾದ ಹೊಲದಲ್ಲಿ ನಮ್ಮ ಕ್ರಿಕೆಟ್, ಬದುವಿನಾಚೆಯೇ ತೊಗರಿ. ಎತ್ತಿ ಹೊಡೆದ ಚೆಂಡು ಆ ಹಳದಿಯೊಳಗೆ ಮುಳುಗಿತೆಂದರೆ ಆಟವೇ ಬೇರೆ. ಆಗ ಯಾರೂ ಒಮ್ಮೆಲೇ ನುಗ್ಗುತ್ತಿರಲಿಲ್ಲ. ಚೆಂಡು ಇಳಿದದ್ದನ್ನು ಚೆನ್ನಾಗಿ ಕಂಡ ಹುಡುಗ ಇದ್ದಲ್ಲೇ ನಿಂತು ತೋರುಬೆರಳು ಚಾಚಬೇಕು. ಇನ್ನೊಬ್ಬ ಆ ಬೆರಳಿನ ನೇರಕ್ಕೆ ಗಿಡಗಳ ನಡುವೆ ನಡೆಯಬೇಕು.

“ಇನ್ನೂ ಮುಂದ ಹೋಗೋ... ಹಾಂ, ಬಲಕ್ಕ ಬಾ, ಬಲಕ್ಕ.”

“ಇಲ್ಲೇನೂ ಕಾಣವಲ್ದು.”

“ಅಲ್ಲೇ ಅದ ನೋಡಲೇ. ನಾ ಕಂಡೀನಿ.”

“ನೀ ಬೆರಳ ಇಳಸಬ್ಯಾಡ ಮತ್ತ!”

ಬೆರಳು ಇಳಿಯಿತೋ ಚೆಂಡು ಹೋಯಿತು. ತೊಗರಿಯೊಳಗೆ ಹೋದವನಿಗೆ ನಾಲ್ಕು ಹೆಜ್ಜೆಗೆ ದಿಕ್ಕು ತಪ್ಪುತ್ತದೆ, ಎಲ್ಲ ಸಾಲೂ ಒಂದೇ ತರಹ. ಎಲೆಯ ಹಿಂಬದಿಯ ನವಿರು ಮೊಣಕೈಗೆ ತಾಗುತ್ತದೆ, ಎಳೆಗಾಯಿಯ ಅಂಟು ಅಂಗಿಗೆ ಹತ್ತುತ್ತದೆ, ಉದುರಿದ ಹಳದಿ ಎಸಳುಗಳ ನಡುವೆ ಪ್ರತಿಯೊಂದೂ ಚೆಂಡಿನ ಹಾಗೇ ಕಾಣುತ್ತದೆ. ಹೊರಗೆ ನಿಂತವನಿಗೆ ಜಾಗ ಗೊತ್ತು, ಚೆಂಡು ಕಾಣದು. ಒಳಗೆ ಹೋದವನಿಗೆ ನೆಲ ಕಾಣುತ್ತದೆ, ಜಾಗ ಗೊತ್ತಿಲ್ಲ. ಇಬ್ಬರೂ ಸೇರಿದಾಗಲೇ ಚೆಂಡು ಸಿಗುವುದು. ಗಾಲ್ಫಿನವರು ಬಿಳಿಕಲ್ಲಿನಲ್ಲಿ, ಬಾವುಟದಲ್ಲಿ ಮಾಡಿಕೊಂಡ ವ್ಯವಸ್ಥೆಯನ್ನು ನಾವು ಒಂದು ಬೆರಳಲ್ಲಿ ಮಾಡಿಕೊಂಡಿದ್ದೆವು.

ಬಯಲು ಬಚ್ಚಿಡುವುದು ತೊಗರಿಯಲ್ಲಿ ಮಾತ್ರವಲ್ಲ. ಶಹಾಬಾದ್, ವಾಡಿ, ಚಿತ್ತಾಪುರದ ಕಡೆ ನಡೆದು ನೋಡಿ. ದೂರದಿಂದ ನೆಲ ಅಂಗೈಯಂತೆ ಸಪಾಟು. ಹತ್ತಿರ ಹೋದರೆ ಕಾಲಕೆಳಗೇ ಬಾಯ್ದೆರೆದ ಕಲ್ಲಿನ ಖಣಿ. ಪದರಪದರವಾಗಿ ಎಬ್ಬಿಸಿದ ಫರ್ಸಿಯ ಗೋಡೆಗಳು, ತಳದಲ್ಲಿ ಮಳೆನೀರಿನ ಹಸಿರು ಮಡು. ಇಷ್ಟು ದೊಡ್ಡದನ್ನು ಬಯಲು ಎಲ್ಲಿ ಅಡಗಿಸಿಕೊಂಡಿತ್ತು ಎಂದು ಅಂಚಿನಲ್ಲಿ ನಿಂತವರು ಬೆರಗಾಗಲೇಬೇಕು. ಭೀಮಾ ದಂಡೆಯ ಸನ್ನತಿಯದು ಇನ್ನೂ ದೊಡ್ಡ ಕತೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಆಗ ತಿಳಿಯಿತು, ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿತ್ತೆಂದು. ಅದರ ಸಮೀಪದ ಕನಗನಹಳ್ಳಿಯಲ್ಲಿ ಜನ ಶತಮಾನಗಳಿಂದ ಹಾದುಹೋಗುತ್ತಿದ್ದ ದಿಬ್ಬವನ್ನು ಅಗೆದಾಗ ಬೌದ್ಧ ಸ್ತೂಪ ಸಿಕ್ಕಿತು. ಜೊತೆಗೆ ರಾಣಿಯೊಡನೆ ನಿಂತ ಅಶೋಕನ ಶಿಲ್ಪ, ಅದರ ಮೇಲೆ ಅವನದೇ ಹೆಸರು. ಸಪಾಟು ನೆಲದಲ್ಲಿ ಹುಟ್ಟಿದ ನನಗೆ ದಿಬ್ಬಗಳ ಮೇಲೆ ಇಷ್ಟು ಗೌರವ ಯಾಕೆಂದರೆ, ನಮ್ಮ ಕಡೆ ಒಂದು ಸಣ್ಣ ದಿಬ್ಬ ಕೂಡ ಏನನ್ನಾದರೂ ಕಾಪಾಡಿಕೊಂಡಿರುತ್ತದೆ.

ನಿಜವಾದ ದಿಬ್ಬದೆದುರು ನಿಂತು ಗಾಲ್ಫಿನ ಅರೆಗುರುಡು ಹೊಡೆತ ನೋಡಿದ್ದು ಕೊಡಗಿನಲ್ಲಿ. ಆಡುತ್ತಿದ್ದವರು ಕಲಬುರಗಿಯ ಗೆಳೆಯರೊಬ್ಬರು, ನಾನು ಜೊತೆಗೆ ನಡೆಯಲು ಹೋದವನು. ಕಾಫಿತೋಟದ ಮಗ್ಗುಲಿನ ಮೈದಾನ. ಟೀ ಮುಂದೆ ನೆಲ ಮೆಲ್ಲಗೆ ಏರಿ, ಆಕಾಶಕ್ಕೆ ಒಂದು ಹಸಿರು ಗೆರೆ ಎಳೆದು ಮುಗಿದುಹೋಗುತ್ತಿತ್ತು. ಅದರಾಚೆ ಒಂದು ಸಿಲ್ವರ್ ಓಕ್ ಮರದ ಮೇಲರ್ಧ ಮಾತ್ರ ಕಾಣುತ್ತಿತ್ತು. ಗೆಳೆಯರು ಕೋಲು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಕೋಲುಗಳ ಚೀಲ ಹೊತ್ತು ದಾರಿ ಹೇಳುವ ಕ್ಯಾಡಿ ಹಿರಿಯರು, ಮಾತು ಕಡಿಮೆ.

“ಸಾರ್, ಆ ಮರ ಉಂಟಲ್ಲ, ಅದರ ಎಡಗಡೆ ಕೊಂಬೆ ನೋಡಿ ಹೊಡೀರಿ.”

“ಆಚೆ ಏನದ ರೀ?”

“ಆಚೆ ಜಾಗ ಬೇಕಾದಷ್ಟುಂಟು ಸಾರ್. ನೀವು ಮರ ನೋಡಿ.”

ಅಷ್ಟೇ. ಆಚೆ ಬಲಕ್ಕೆ ಏನಿದೆ, ಎಡಕ್ಕೆ ಎಷ್ಟು ಇಳಿಜಾರು ಎಂದು ಅವರು ವಿವರಿಸಲಿಲ್ಲ. ಹೊಡೆಯುವವನಿಗೆ ಆ ಹೊತ್ತಿಗೆ ಬೇಕಾದ್ದು ಕಣ್ಣಿಡಲು ಒಂದು ಜಾಗ ಎಂದು ಅವರಿಗೆ ಗೊತ್ತಿತ್ತು. ಕಾಣದ ಕಡೆಗೆ ಹೊಡೆಯುವಾಗ ಕೈಗೆ ಆಗುವುದನ್ನು ನಾನು ಆವತ್ತು ಹತ್ತಿರದಿಂದ ಕಂಡೆ. ಹೆಬ್ಬೆರಳ ಉಗುರು ಬಿಳಿಚುವಷ್ಟು ಹಿಡಿತ ಬಿಗಿಯಾಗುತ್ತದೆ. ಭುಜ ಕಿವಿಯ ಕಡೆಗೆ ಏರುತ್ತದೆ. ಬೀಸಿನ ವೇಗ ನಡುದಾರಿಯಲ್ಲಿ ಅನುಮಾನಿಸಿ ಕುಗ್ಗುತ್ತದೆ. ಓಣಿ ಎಷ್ಟು ಅಗಲವಿದ್ದರೂ, ಕಾಣದಿದ್ದರೆ ಮನಸ್ಸು ಅದನ್ನು ಕಿರಿದು ಮಾಡಿಕೊಳ್ಳುತ್ತದೆ. ಇರದ ಹೊಂಡವನ್ನು ತೋಡುತ್ತದೆ, ಇರದ ಪೊದೆಯನ್ನು ಬೆಳೆಸುತ್ತದೆ. ಗೆಳೆಯರು ಒಮ್ಮೆ ಉಸಿರು ಬಿಟ್ಟು, ಕೊಂಬೆ ನೋಡಿ, ಹೊಡೆದರು. ಚೆಂಡು ಗೆರೆಯ ಮೇಲೆ ಏರಿತು, ಒಂದು ಕ್ಷಣ ಮರದ ಹಸಿರಿನೆದುರು ಬಿಳಿಯಾಗಿ ನಿಂತಂತಾಯಿತು, ಆಮೇಲೆ ಇಲ್ಲ.

ಆಗ ಎಲ್ಲರೂ ಕಿವಿಯಾದೆವು. ಮರಕ್ಕೆ ತಗುಲಿದರೆ ಟಕ್ ಎನ್ನಬೇಕು, ಪೊದೆಗೆ ಬಿದ್ದರೆ ಸರಕ್ ಎನ್ನಬೇಕು. ಕ್ಯಾಡಿ ತಲೆ ಸ್ವಲ್ಪ ವಾರೆ ಮಾಡಿ ಆಲಿಸಿದರು. ಏನೂ ಕೇಳಿಸಲಿಲ್ಲ. “ಚೆನ್ನಾಗುಂಟು ಸಾರ್” ಎಂದು ಚೀಲ ಹೆಗಲಿಗೇರಿಸಿ ನಡೆದೇಬಿಟ್ಟರು. ಸದ್ದಿಲ್ಲದಿರುವುದನ್ನು ಹೀಗೆ ಒಳ್ಳೆಯ ಸುದ್ದಿಯಾಗಿ ಓದಬಲ್ಲವರು ಎಷ್ಟು ಜನ!

ಈ ಆಟದಲ್ಲಿ ದಿಬ್ಬದಾಚೆಯ ವಿದ್ಯೆ ಕ್ಯಾಡಿಗಳದು. ನಮ್ಮ ದೇಶದ ಮೈದಾನಗಳಲ್ಲಿ ಆಗೇವಾಲಾ ಎಂಬ ಇನ್ನೊಬ್ಬರೂ ಇರುತ್ತಾರೆ. ಅವರು ಚೀಲ ಹೊರುವುದಿಲ್ಲ. ಮುಂದೆ ಹೋಗಿ ಚೆಂಡು ಇಳಿಯುವ ಜಾಗದಲ್ಲಿ ನಿಂತು, ಬಿದ್ದದ್ದನ್ನು ಕಣ್ಣಲ್ಲಿ ಹಿಡಿದಿಡುವುದೇ ಅವರ ಕೆಲಸ. ತೊಗರಿಯ ಅಂಚಿನಲ್ಲಿ ಬೆರಳು ಚಾಚಿದ ಹುಡುಗನೇ ದೊಡ್ಡವನಾಗಿ ಅಲ್ಲಿ ನಿಂತಿದ್ದಾನೆ ಎನಿಸುತ್ತದೆ ನನಗೆ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿಯೇ ಈ ಆಟದೊಳಗೆ ಬಂದವರು. 2009ರಲ್ಲಿ ಅವರು ಇಂಡಿಯನ್ ಓಪನ್ ಗೆದ್ದರು. ಬೇರೆಯವರ ಚೆಂಡನ್ನು ಅಷ್ಟು ಹುಡುಕಿದವರಿಗೆ ತಮ್ಮ ಚೆಂಡು ಎಲ್ಲಿ ಹೋಗುತ್ತದೆಂಬ ಅಂದಾಜು ಹೊಡೆಯುವ ಮೊದಲೇ ಮೈಯೊಳಗೆ ಬಂದಿರಬೇಕು.

ಹುಡುಕುವುದಕ್ಕೂ ಗಾಲ್ಫಿನಲ್ಲಿ ಕಾಯ್ದೆ ಇದೆ. ಮೊದಲು ಐದು ನಿಮಿಷ ಹುಡುಕಬಹುದಿತ್ತು, 2019ರಿಂದ ಮೂರೇ ನಿಮಿಷ. ಅಷ್ಟರಲ್ಲಿ ಸಿಗದಿದ್ದರೆ ಚೆಂಡು ಕಳೆದಂತೆ. ಒಂದು ಹೊಡೆತದ ದಂಡ ತೆತ್ತು, ಮೊದಲು ಹೊಡೆದಲ್ಲಿಗೇ ಹಿಂದಿರುಗಬೇಕು. ಓಣಿ ಕಾಣದ ಕಡೆ ಈ ದಂಡದ ಹೆದರಿಕೆ ದೊಡ್ಡದು. ಹಾಗಾಗಿ ಅನುಮಾನವಿದ್ದವನು, ಇದು ತಾತ್ಕಾಲಿಕ ಚೆಂಡು ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಟೀಯಿಂದಲೇ ಇನ್ನೊಂದು ಹೊಡೆದು ಮುಂದೆ ಹೋಗಬಹುದು. ಮೊದಲನೆಯದು ನಿಯಮದ ಪ್ರಕಾರ ಸಿಕ್ಕರೆ ಎರಡನೆಯದನ್ನು ಎತ್ತಿಕೊಂಡರಾಯಿತು. ಅನುಮಾನಕ್ಕೆ ಇಷ್ಟು ಮರ್ಯಾದೆ ಕೊಟ್ಟ ಆಟ ಇನ್ನೊಂದಿರಲಾರದು. ನನಗೆ ಗೊತ್ತಿಲ್ಲ ಎಂದು ನಾಲ್ಕು ಜನರೆದುರು ಹೇಳಿಯೇ ಮುಂದಿನ ಹೊಡೆತ ಹೊಡೆಯಬೇಕು.

ಇಂಥ ಕುಳಿಗಳು ಅನ್ಯಾಯ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಚೆನ್ನಾಗಿ ಹೊಡೆದವನ ಚೆಂಡು ಕಾಣದ ಗುಂಡಿಗೆ ಬೀಳಬಹುದು, ಕೆಟ್ಟದಾಗಿ ಹೊಡೆದವನದು ದಿಬ್ಬಕ್ಕೆ ಬಡಿದು ಓಣಿಗೇ ಉರುಳಬಹುದು. ಆಚೆ ನಿಂತವರ ತಲೆಗೆ ಚೆಂಡು ಬೀಳುವ ಅಪಾಯವಂತೂ ಇದ್ದೇ ಇದೆ. ನಲವತ್ತಾರು ಗ್ರಾಮಿನ ಗಟ್ಟಿ ಚೆಂಡು ಅದು. ಅದಕ್ಕೇ ಕೆಲವು ಕಡೆ ಮುಂದಿನವರು ದಾಟಿದ ಮೇಲೆ ಗಂಟೆ ಬಾರಿಸಿ ಹಿಂದಿನವರಿಗೆ ಅಪ್ಪಣೆ ಕೊಡುತ್ತಾರೆ. ಮೈದಾನ ರೂಪಿಸುವುದರಲ್ಲಿ ದೊಡ್ಡ ಹೆಸರು ಮಾಡಿದ ಅಲಿಸ್ಟರ್ ಮೆಕೆಂಜಿ 1920ರ ತಮ್ಮ ಪುಸ್ತಕದಲ್ಲಿ ಒಳ್ಳೆಯ ಮೈದಾನದ ಲಕ್ಷಣಗಳನ್ನು ಪಟ್ಟಿ ಮಾಡಿದರು. ಗ್ರೀನಿಗೆ ಹೊಡೆಯುವ ಹೊಡೆತದಲ್ಲಿ ಮರೆ ಆದಷ್ಟು ಕಡಿಮೆ ಇರಬೇಕೆಂಬುದು ಅವುಗಳಲ್ಲೊಂದು. ಅಂಥವರು 1920ರ ದಶಕದ ಕೊನೆಗೆ ಲಹಿಂಚ್ ಮೈದಾನವನ್ನು ಹೊಸದಾಗಿ ರೂಪಿಸಲು ಹೋದಾಗ ಕ್ಲಾಂಡೈಕ್ ಮತ್ತು ಡೆಲ್ ಎರಡೂ ಹಾಗೇ ಉಳಿದವು. ಇವತ್ತಿಗೂ ಗುಡ್ಡ ಅಲ್ಲೇ ಇದೆ, ಬಿಳಿ ಕಲ್ಲು ಅಲ್ಲೇ ಇದೆ. ಒಂದು ನಿಯಮ ಎಷ್ಟೇ ಒಳ್ಳೆಯದಿದ್ದರೂ ಜನ ಪ್ರೀತಿಸಿದ ಗುಡ್ಡದ ಮುಂದೆ ತಗ್ಗಿ ನಿಂತ ಪ್ರಸಂಗವಿದು. ನನಗೆ ಇದು ಬಹಳ ಸಮಾಧಾನ ಕೊಡುತ್ತದೆ.

ಆಮೇಲೆ ಬುಲ್ಡೋಜರ್ ಬಂತು. ಒಂದು ವಾರದಲ್ಲಿ ಗುಡ್ಡ ಸವರಿ ಓಣಿಯನ್ನು ಅಂಗೈಲಿಟ್ಟಂತೆ ತೋರಿಸುವ ಶಕ್ತಿ ಮೈದಾನ ಕಟ್ಟುವವರ ಕೈಗೆ ಬಂತು. ಹೊಸ ಮೈದಾನಗಳಲ್ಲಿ ಟೀ ಮೇಲೆ ನಿಂತರೆ ಓಣಿ, ಮರಳಗುಂಡಿ, ನೀರು, ಬಾವುಟ ಎಲ್ಲವೂ ಚಿತ್ರ ಬರೆದಂತೆ ಹರಡಿರುತ್ತವೆ. ನೋಡಲು ಚೆಂದ, ಹೊಡೆಯಲು ಹಿತ. ಕೈಯಲ್ಲಿರುವ ಯಂತ್ರ ಬಾವುಟ ಎಷ್ಟು ಗಜ ದೂರ ಎಂದೂ ಹೇಳುತ್ತದೆ. ಇದನ್ನೆಲ್ಲ ಬೇಡವೆನ್ನುವುದಿಲ್ಲ. ಆದರೆ ಅಂಥಲ್ಲಿ ಚೆಂಡು ನಿಂತ ಕೂಡಲೇ ಕತೆ ಮುಗಿಯುತ್ತದೆ. ಉಳಿದದ್ದು ಅಲ್ಲಿಯವರೆಗಿನ ನಡಿಗೆ, ಅದು ಬರೀ ದೂರ ಕ್ರಮಿಸುವ ಕೆಲಸ.

ದಿಬ್ಬ ಇದ್ದಲ್ಲಿ ನಡಿಗೆಯೇ ಆಟ. ಕೊಡಗಿನಲ್ಲಿ ಆವತ್ತು ನಾವು ಏರು ಹತ್ತಿದ ಆ ಕೆಲವು ನಿಮಿಷ ನೆನಪಿದೆ. ಅಷ್ಟು ಹೊತ್ತಿನಿಂದ ಸಿಮೆಂಟಿನ ದರ, ಮಕ್ಕಳ ಕಾಲೇಜು, ಬೆನ್ನುನೋವು ಎಂದು ಮಾತಾಡುತ್ತಿದ್ದ ಗೆಳೆಯರು ಸುಮ್ಮನಾಗಿದ್ದರು. ಹೆಜ್ಜೆ ಚುರುಕಾಗಿತ್ತು. ಚೆಂಡು ಆಗಲೇ ಬಿದ್ದಾಗಿದೆ, ಎಲ್ಲಿ ಬಿದ್ದಿದೆಯೋ ಅಲ್ಲೇ ಬಿದ್ದಿದೆ, ಇನ್ನು ಯಾರೂ ಏನೂ ಮಾಡುವಂತಿಲ್ಲ. ಆದರೂ ನಮ್ಮ ಪಾಲಿಗೆ ಅದು ಇನ್ನೂ ಎಲ್ಲ ಕಡೆಯೂ ಬಿದ್ದಿತ್ತು: ಓಣಿಯ ನಟ್ಟನಡುವೆ, ಮರದ ಬುಡದಲ್ಲಿ, ಕಾಫಿಗಿಡದ ಸಾಲಿನಲ್ಲಿ. ಪರೀಕ್ಷೆ ಬರೆದು ಫಲಿತಾಂಶ ಕಾಯುವ ಮಕ್ಕಳಿಗೆ, ಬಿತ್ತಿ ಮಳೆ ಕಾಯುವ ರೈತರಿಗೆ ಈ ಹೊತ್ತು ಗೊತ್ತು. ಆದರೆ ಅಲ್ಲಿ ಬದುಕೇ ಪಣಕ್ಕಿರುತ್ತದೆ, ಹೆದರಿಕೆ ಸವಿಯನ್ನು ನುಂಗಿಬಿಡುತ್ತದೆ. ಒಂದು ಚೆಂಡು ಹೋದರೆ ಹೋಗಲಿ ಎನ್ನಬಲ್ಲ ಆಟದಲ್ಲಿ ಮಾತ್ರ ಅದೇ ಅನಿಶ್ಚಯವನ್ನು ಬಾಯಲ್ಲಿಟ್ಟು ಚಪ್ಪರಿಸಬಹುದು. ಆಟಗಳು ಹುಟ್ಟಿಕೊಂಡದ್ದೇ ಇದಕ್ಕಿರಬೇಕು. ಬದುಕಿನಲ್ಲಿ ನಮ್ಮನ್ನು ನಡುಗಿಸುವ ಸಂಗತಿಗಳನ್ನು ಹಗುರ ಮಾಡಿ ಕೈಗೆ ಕೊಟ್ಟು, ಇಷ್ಟಿಷ್ಟೇ ರೂಢಿ ಮಾಡಿಸುವುದಕ್ಕೆ.

ಆದ್ದರಿಂದ ಮೈದಾನ ಕಟ್ಟುವವರಲ್ಲಿ ನನ್ನದೊಂದು ಬೇಡಿಕೆ. ಹದಿನೆಂಟು ಕುಳಿಗಳಲ್ಲಿ ಹದಿನೇಳನ್ನು ನಿಮಗೆ ಸರಿತೋರಿದಂತೆ ಸಪಾಟು ಮಾಡಿ, ಬೇಡವೆನ್ನುವುದಿಲ್ಲ. ಒಂದನ್ನು ಬಿಡಿ. ಅಲ್ಲಿ ನೆಲ ಹೇಗೆ ಏರಿದೆಯೋ ಹಾಗೇ ಏರಿರಲಿ. ಆಚೆಯವರ ತಲೆ ಕಾಯಲು ಒಂದು ಗಂಟೆ ಕಟ್ಟಿ, ಈಚೆಯವರ ಕಣ್ಣಿಗೆ ಒಂದು ಬಿಳಿ ಕಲ್ಲು ಇಡಿ, ದಾರಿ ಬಲ್ಲ ಒಬ್ಬ ಹಿರಿಯ ಕ್ಯಾಡಿಯನ್ನು ಜೊತೆಗೆ ಕಳಿಸಿ. ಇಷ್ಟು ಮಾಡಿದರೆ ಉಳಿದದ್ದನ್ನು ದಿಬ್ಬವೇ ನೋಡಿಕೊಳ್ಳುತ್ತದೆ.